ಉಜ್ಜಿದ ಕಾವಲಿ
ವೈಗೈ ನದಿ ದಂಡೆಯ ಬಸ್ ನಿಲ್ದಾಣದ ಬಳಿ ದೋಸೆಗಾಡಿ ಇಟ್ಟಿರುವ ಅಂಜಲೈಗೆ ನಗರಸಭೆಯ ಹೆಸರೆತ್ತಿದರೆ ಮೈ ಉರಿಯುತ್ತದೆ. ಗಾಡಿ ನಿಂತರೆ ರಸ್ತೆಗೆ ಅಡ್ಡಿ, ತಳ್ಳಿದರೆ ಬೆಂಕಿಯ ಅಪಾಯ ಎನ್ನುತ್ತಾರೆ ಅಲ್ಲಿಯವರು. "ಹಂಗಾದ್ರೆ ದೋಸೆನ ಆಕಾಶದಲ್ಲಿ ಹುಯ್ಯಲಾ ಸಾರ್?" ಎಂದು ದಿನಾ ತಿನ್ನಲು ಬರುವ ನಗರಸಭೆಯ ಆರೋಗ್ಯಾಧಿಕಾರಿಯನ್ನು ಬೈಯುತ್ತಲೇ ಬಡಿಸುತ್ತಾಳೆ, ಅವನೂ ಬೈಸಿಕೊಳ್ಳುತ್ತಲೇ ಇನ್ನೊಂದು ಕೇಳುತ್ತಾನೆ. ಕಾವಲಿಯನ್ನು ಮಾತ್ರ ಸೊಸೆಗೂ ಮುಟ್ಟಗೊಡುವುದಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಒರೆಸುವುದೇ ಅದಕ್ಕೆ ಸ್ನಾನ. ಜೀವಮಾನವಿಡೀ ಇವಳೊಂದಿಗೆ ಜಗಳವಾಡಿದ ಅತ್ತೆ, ವರ್ಷಗಟ್ಟಲೆ ಎಣ್ಣೆ ಕುಡಿಸಿ ಕಪ್ಪಗೆ ಪಳಗಿಸಿ, ಸಾಯುವಾಗ ಇವಳಿಗೇ ಬಿಟ್ಟುಹೋದ ಕಾವಲಿ ಅದು. ಮೊನ್ನೆ ಶುಚಿತ್ವದ ನಿಯಮವೆಂದು ಅದನ್ನು ಹೊತ್ತೊಯ್ದ ನಗರಸಭೆಯವರು ಸೋಡಾ ಹಾಕಿ ಬೆಳ್ಳಗೆ ಉಜ್ಜಿ ತಂದುಕೊಟ್ಟರು. ಹುಯ್ದ ದೋಸೆ ಮೇಲೇಳಲೇ ಇಲ್ಲ. ಅಧಿಕಾರಿ ಎಂದಿನಂತೆ ತಟ್ಟೆ ಚಾಚಿದ. ಅಂಟಿದ ಹಿಟ್ಟನ್ನು ಕೆರೆದು ಅದಕ್ಕೆ ಹಾಕುತ್ತಾ ಅಂಜಲೈ ಚೀರಿದಳು: "ತಿನ್ನು! ಕೊಳೆ ಅಂತ ಉಜ್ಜಿ ತೆಗೆದ್ಯಲ್ಲ, ಅದು ನಮ್ಮತ್ತೆ ಕಣೋ!"