ಟೂಲ್ ಬಾಕ್ಸಿನೊಳಗಿನ ನಾಮ

ನಜರ್‌ಬಾದಿನ ಮೃತ್ಯುಂಜಯನ ಗ್ಯಾರೇಜಿಗೆ ಹೋಗಿ ಯಾವ ಪುಟ್ಟ ಗಾಡಿಯನ್ನಾದರೂ ‘ಲೂನಾ’ ಎಂದಿರೋ, ಕೆಟ್ಟಿರಿ. ಅರ್ಧ ಮೈಸೂರಿಗೆ ಪೆಡಲ್ ಇದ್ದ ಮೊಪೆಡ್ಡೆಲ್ಲ ಲೂನಾ. ಅವನಿಗೆ ಅದು ಎಮ್ಮೆಯನ್ನು ಹಸು ಅಂದಷ್ಟೇ ಅಪಚಾರ. ಯಾದವಗಿರಿಯ ಮೋಟಾರ್‌ಸೈಕಲ್ ಫ್ಯಾಕ್ಟರಿಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಗ್ಯಾರೇಜು ತೆರೆದವನು. ಹಿಂದಿನ ದೀಪ ನೋಡಿ, ಎಂಜಿನ್ನಿನ ಅಡಿಗೆ ಬೆರಳಾಡಿಸಿ, ಗಾಡಿ ಯಾವ ಕಂಪನಿಯದು, ಎಷ್ಟನೇ ಇಸವಿಯದು ಎಂದು ಹೇಳಿಬಿಡುತ್ತಿದ್ದ. “ಬಣ್ಣ ಹೊಡ್ಸಿಬುಟ್ರೆ ವಯಸ್ಸು ಇಳಿಯಲ್ಲ ಕಣ್ರೀ” ಎನ್ನುವನು. ಯಾರ ಮುಲಾಜಿಗೂ ಇಸವಿ ಬದಲಿಸಿದವನಲ್ಲ.

ಒಂದೇ ಒಂದು ಗಾಡಿಯ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ. ಅದು ರಾಜೀವನಗರದ ಅವನ ಮನೆಯಲ್ಲೇ ಇತ್ತು. ಎಪ್ಪತ್ತೆಂಟರಲ್ಲಿ, ಮದುವೆಗೆ ಮಾವ ಸಿದ್ದಲಿಂಗಸ್ವಾಮಿ ಕೊಟ್ಟ ನೀಲಿ ಮೊಪೆಡ್. “ನಮ್ಮಪ್ಪಾಜಿ ಶೋರೂಮಿಂದ ಹೊಸದೇ ತಂದ್ರು” ಎಂದು ಹೆಂಡತಿ ನೀಲಮ್ಮ ಬಂದವರಿಗೆಲ್ಲ ಹೇಳುವಳು. ಆದರೆ ಮದುವೆಯಾದ ವಾರದಲ್ಲೇ ಮೃತ್ಯುಂಜಯ ಟೂಲ್ ಬಾಕ್ಸ್ ತೆರೆದಿದ್ದ. ಮುಚ್ಚಳದ ಒಳಗೆ ಬಣ್ಣ ಬಳಿಯಲು ಮರೆತಿದ್ದರು. ಅಲ್ಲಿ ಹಿಂದಿನ ಯಜಮಾನ ಯಾರೋ ಬರೆಸಿಕೊಂಡಿದ್ದ ಕೆಂಪು, ಬಿಳಿ ನಾಮ! ವಿಭೂತಿ ಬಿಟ್ಟು ಬೇರೇನೂ ಹಚ್ಚದ ಮಾವ ಅಳಿಯನಿಗೆ ನಾಮ ಹಾಕಿದ್ದರು. ಮೃತ್ಯುಂಜಯ ಒಬ್ಬನೇ ನಕ್ಕು ಮುಚ್ಚಳ ಹಾಕಿದ. ತವರಿನ ಮಾತೆತ್ತಿದರೆ ಅರಳುವ ಅವಳ ಮುಖ ಬಾಡಿಸಲು ಅವನಿಗೆ ಮನಸ್ಸು ಬರಲಿಲ್ಲ.

ಎರಡು ಸಾವಿರದ ಮೂರರ ದಸರೆಗೆ ಗಿರಾಕಿ ಗೋವಿಂದರಾಜು ಹಳೇ ಗಾಡಿಗಳ ಪ್ರದರ್ಶನ ಇಟ್ಟುಕೊಂಡ. ನೀಲಿ ಮೊಪೆಡ್ ಕೇಳಲು ಮನೆಗೇ ಬಂದ.

“ಬೋರ್ಡಲ್ಲಿ ಇಸವಿ ಬರೀಬೇಕು ಮೃತ್ಯುಂಜಯಪ್ನೋರೇ. ನೀವು ಹೇಳಿದ್ಮೇಲೆ ಮುಗೀತು.”

ನೀಲಮ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಪ್ಪತ್ತೆಂಟು ಎಂದರೆ ಕಸುಬಿಗೆ ದ್ರೋಹ, ನಿಜ ಹೇಳಿದರೆ ಸತ್ತ ಮಾವನಿಗೆ ಅವಮಾನ. ಮೃತ್ಯುಂಜಯ ಮೊಪೆಡ್ಡಿನ ಸೀಟು ಒರೆಸತೊಡಗಿದ.

“ಹೇಳ್ರೀ, ಪರವಾಗಿಲ್ಲ” ಎಂದಳು ನೀಲಮ್ಮ. “ಆಯುಧಪೂಜೆಗೆ ಅದನ್ನ ತೊಳೆಯೋಳು ನಾನು. ನಾಮ ಕಂಡಿಲ್ವಾ ನಂಗೆ?”

ಅವನ ಕೈ ನಿಂತಿತು. “ಗೊತ್ತಿದ್ದೂ ಹೊಸದು ಹೊಸದು ಅಂತಿದ್ಯಲ್ಲೇ?”

“ನೀವು ಬಾಯಿ ಬುಡ್ತೀರೇನೋ ಅಂತ ನೋಡ್ತಿದ್ದೆ. ಅಪ್ಪಾಜಿ ಧಾರೆ ದಿನವೇ ಕಿವೀಲಿ ಹೇಳಿದ್ರು: ‘ಹೊಸದು ಕೊಡಿಸೋ ಶಕ್ತಿ ಇರ್ಲಿಲ್ಲ ಮಗಳೇ. ಅಳಿಯಂದ್ರು ಗಾಡಿ ಕಸುಬಿನೋರು, ನೋಡಿದ ತಕ್ಷಣ ಕಂಡುಹಿಡೀತಾರೆ. ಕಂಡೂ ನಿನ್ನ ಹಂಗಿಸದೇ ಇದ್ರೆ, ಒಳ್ಳೇ ಮನೆ ಸೇರಿದೀಯ ಅಂದ್ಕೋ.’”

ಮೃತ್ಯುಂಜಯ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡ. ಪುಣ್ಯಾತ್ಮ ಮಾವ, ಗಾಡಿ ಕೊಟ್ಟು ತನ್ನನ್ನೇ ಪರೀಕ್ಷೆ ಮಾಡಿದ್ದರು.

“ಎಪ್ಪತ್ನಾಲ್ಕು ಅಂತ ಬರ್ಕೊಳ್ಳಿ ಗೋವಿಂದರಾಜು” ಎಂದ. ಆಮೇಲೆ ಟೂಲ್ ಬಾಕ್ಸಿನ ಮುಚ್ಚಳ ತೆರೆದಿಟ್ಟು, “ಇದು ಹಿಂಗೇ ತೆಗೆದಿರ್ಲಿ, ಜನ ನೋಡ್ಲಿ” ಎಂದ.