ತಾನೇ ನಿಂತ ಕೋಟು

ನಮ್ಮೂರು ಮತ್ತೋಡಿನ ಮನೆಗಳಿಂದ ಹುಣಸೆ ಬೀಜ ಹುರಿಯುವ ವಾಸನೆ ಬರುತ್ತಿದ್ದ ಕಾಲವದು. ಹುರಿದ ಬೀಜ ನೆನೆಸಿ, ಅರೆದು, ಗಂಜಿ ಕಾಸಿ ಹಚ್ಚಿದರೆ ಕಂಬಳಿ ಬಿಗಿಯಾಗುತ್ತಿತ್ತು. ಹುರಿದ ಬೀಜದಲ್ಲಿ ಒಂದು ಹಿಡಿ ನಮ್ಮ ಜೇಬಿಗೆ. ಅರ್ಧ ತಿನ್ನಲು, ಅರ್ಧ ಚೌಕಾಬಾರ ಆಡಲು. ಅಂಥ ಒಂದು ಬೇಸಿಗೆಯನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಚಿತ್ರದುರ್ಗದಿಂದ ಚಿತ್ರ ಬರೆಯುವ ಮೇಷ್ಟ್ರೊಬ್ಬರು, ಬೆಂಗಳೂರಿನಿಂದ ಬಟ್ಟೆ ಡಿಸೈನ್ ಮಾಡುವ ಮೇಡಂ ಒಬ್ಬರು ಜೊತೆಯಾಗಿ ನಮ್ಮ ಮನೆಗೆ ಬಂದರು. ಅಪ್ಪ ನೇಯುವ ಕಂಬಳಿಯಲ್ಲಿ ಒಂದು ಉದ್ದನೆಯ ಕೋಟು ಮಾಡಬೇಕಂತೆ. ಬೆನ್ನ ಮೇಲೆ ಕೋಟೆಯ ಬಂಡೆಗಳ ಚಿತ್ರ. ದುರ್ಗದ ಪ್ರದರ್ಶನದಲ್ಲಿ ಅದನ್ನು ಹಾಕಿಕೊಂಡು ನನ್ನ ಅಕ್ಕ ಗಂಗಕ್ಕ ವೇದಿಕೆ ಮೇಲೆ ನಡೆಯಬೇಕು.

ಆ ಇಬ್ಬರಿಗೂ ಒಂದು ದಿನವೂ ಹೊಂದಲಿಲ್ಲ. "ಬಂಡೆ ಇನ್ನೂ ದೊಡ್ಡದಾಗಿ ಕಾಣ್ಬೇಕು" ಎಂದು ಮೇಷ್ಟ್ರು. "ಮೈಮೇಲೆ ನೀರಿನ ಥರ ಇಳೀಬೇಕು ಸಾರ್, ಇದು ಗೋಡೆಗೆ ಅಂಟಿಸೋ ಪೋಸ್ಟರ್ ಅಲ್ಲ" ಎಂದು ಮೇಡಂ. ಅಪ್ಪ ನೇಯ್ದದ್ದನ್ನು ಬಿಚ್ಚುವುದು, ಮತ್ತೆ ನೇಯುವುದು. ಅಕ್ಕ ಮಾತ್ರ ಅಳತೆಗೆಂದು ಕೈ ಚಾಚಿ ನಿಂತೇ ಇರುತ್ತಿದ್ದಳು. ಸೆಕೆ, ಉಣ್ಣೆಯ ತುರಿಕೆ, ಸುತ್ತ ಗುಂಡುಪಿನ್ನು. ನಾನು ಲಗೋರಿ ಬಿಟ್ಟು ಬಂದು ಗಾಳಿ ಬೀಸುತ್ತಿದ್ದೆ.

"ಸಾಕು ಬಾರೇ, ಮುದ್ದೆ ಆರ್ತೈತೆ" ಎಂದು ಅವ್ವ ಕೂಗಿದರೆ, "ತಡಿಯವ್ವ, ನಾ ಅಲ್ಲಾಡಿದ್ರೆ ಕೋಟೆ ಬೀಳ್ತೈತೆ" ಎಂದು ನಗುತ್ತಿದ್ದಳು.

ಕೋಟು ಮುಗಿಯಿತು. ಅಕ್ಕನ ಮೈಗೆ ಒಪ್ಪಿ ಕೂತಿತು. ಅವರಿಬ್ಬರೂ ತಯಾರಿಗೆಂದು ಮುಂಚೆಯೇ ದುರ್ಗಕ್ಕೆ ಹೋದರು. ಆಮೇಲೆ ಅಪ್ಪನ ಕೈ ಸುಮ್ಮನಿರಲಿಲ್ಲ. ಜೋಲುಬಿದ್ದ ಕಂಬಳಿ ನೇಯ್ದವನ ಮಾನ ಕಳೆಯುತ್ತದೆ, ಮಳೆಗೆ ಮಡಚಿ ಕೊಪ್ಪೆ ಹಾಕಿದರೆ ತಲೆ ಮೇಲೆ ನೆಟ್ಟಗೆ ನಿಲ್ಲಬೇಕು ಎನ್ನುವ ಮನೆತನ ನಮ್ಮದು. ಪಟ್ಟಣದವರು ನೋಡುತ್ತಾರೆಂದು ಗಟ್ಟಿ ಗಂಜಿ ಕಾಸಿ, ಕೋಟಿನ ಒಳಗೂ ಹೊರಗೂ ಬಳಿದು ಬಿಸಿಲಿಗೆ ಹಾಕಿದ.

ಮಾರನೆಯ ದಿನ ದುರ್ಗದಲ್ಲಿ, ವೇದಿಕೆಯ ಪರದೆಯ ಹಿಂದೆ, ಕನಕಾಂಬರ ಮುಡಿದ ಅಕ್ಕ ಕೋಟಿನೊಳಗೆ ಕೈ ತೂರಿಸಲು ನೋಡಿದಳು. ಕೋಟಿನ ತೋಳು ಹಲಗೆಯಾಗಿತ್ತು, ಕೈ ಹೋಗಲೇ ಇಲ್ಲ.

"ಅಯ್ಯೋ, ಏನ್ ಮಾಡಿದ್ರಿ ಇದಕ್ಕೆ?" ಮೇಡಂ ಅಳುವಂತಾದರು.

"ಗಂಜಿ ಹಾಕ್ದೆ ಕಣವ್ವ. ದುರ್ಗಕ್ಕೆ ಬರೋ ವಸ್ತು, ಜೋಲು ಬೀಳಬಾರ್ದಲ್ಲ" ಎಂದ ಅಪ್ಪ.

ಮೇಷ್ಟ್ರು ಕೋಟನ್ನು ನೆಲಕ್ಕಿಟ್ಟರು. ಅದು ನಿಂತಿತು! ಒಳಗೆ ಯಾರೂ ಇಲ್ಲದೆ, ಭುಜ ಎತ್ತಿಕೊಂಡು. "ನೋಡ್ರಿ ಮೇಡಂ, ಇದಕ್ಕೆ ಮನುಷ್ಯರೇ ಬ್ಯಾಡ!" ಎಂದು ಕುಣಿದರು. ಮೇಡಂ ಅದರ ಸುತ್ತ ಒಂದು ಸುತ್ತು ಬಂದು ಹೌದೆಂದರು. ಇಡೀ ಬೇಸಿಗೆ ಕಿತ್ತಾಡಿದವರು ಅವತ್ತು ಮೊದಲ ಸಲ ಒಂದಾದರು. ಕೋಟನ್ನು ವೇದಿಕೆಯ ನಡುವೆ ನಿಲ್ಲಿಸಿ ಬೆಳಕು ಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ. ನನಗೆ ತಡೆಯಲಾಗದ್ದು ಅದೇ.

"ಅಪ್ಪಾ, ನಾನು?" ಎಂದಳು ಅಕ್ಕ.

"ಇಲ್ಲೇ ಕುಂತ್ಕಳವ್ವ. ನೋಡು, ಹೆಂಗ್ ನಿಂತೈತೆ!"

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು: "ಲೇ, ಆ ಭುಜ ನಂದೇ ಅಲ್ವೇನೋ?"

"ನಿಂದೇ ಕಣಕ್ಕ" ಎಂದೆ. ಕಿಟಕಿ ಕಡೆ ತಿರುಗಿದವಳು ಹೊಸದುರ್ಗ ಬರುವವರೆಗೂ ಮುಖ ತೋರಿಸಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಕಲಿತೆ. ಹೊಸದುರ್ಗದಲ್ಲಿ ನನ್ನದೇ ಅಂಗಡಿ ಇದೆ, ನನ್ನ ಕೈಗೆ ಹೆಸರಿದೆ, ಹೇಳಿಕೊಳ್ಳಲು ಸಂಕೋಚವಿಲ್ಲ. ಬಟ್ಟೆ ಒಯ್ಯಲು ಬಂದವರು ಎಷ್ಟೇ ಅವಸರದಲ್ಲಿರಲಿ, ನನ್ನೆದುರು ಒಮ್ಮೆ ತೊಟ್ಟು ತೋರಿಸಿಯೇ ಹೋಗಬೇಕು. "ಇದೇನ್ರಿ ನಿಮ್ ಕಾಟ" ಅನ್ನುತ್ತಾರೆ. ಅನ್ನಲಿ.

ಅಪ್ಪ ಹೋದ ಮೇಲೆ, ಅವನು ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಗೆ ಸಿಮೆಂಟು ಬಿತ್ತು. ಈಗ ಆ ಜಾಗದಲ್ಲಿ ಟಿವಿ ಇದೆ. ನಮ್ಮ ಬೀದಿಯಲ್ಲಿ ನೇಯುವವರು ಯಾರೂ ಉಳಿದಿಲ್ಲ, ಹುಣಸೆ ಬೀಜ ಹುರಿಯುವವರೂ ಇಲ್ಲ. ಮೊನ್ನೆ ಗಂಡನ ಊರು ಧರ್ಮಪುರದಿಂದ ಬಂದ ಅಕ್ಕ ಅಂಗಡಿಯಲ್ಲಿ ನಿಂತು, "ನಂಗೊಂದು ಅಂಥಾ ಕೋಟು ಹೊಲ್ಕೊಡೋ, ದೊಡ್ಡ ಟೈಲರ್ರು" ಎಂದು ನಗುತ್ತಾ ಹಳೆಯ ಹಾಗೆಯೇ ಕೈ ಚಾಚಿದಳು. ನಾನು ಟೇಪು ಹಿಡಿದು ಅವಳ ಭುಜ ಅಳೆದೆ. ಅಳೆದಾದ ಮೇಲೆ, ಅಪ್ಪ ನೇಯುತ್ತಿದ್ದಂಥ ಕಂಬಳಿಯನ್ನು ಎಲ್ಲಿಂದ ತರುವುದೆಂದು ತೋಚದೆ, ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತೆ. ಅಕ್ಕ ಇನ್ನೂ ಕೈ ಇಳಿಸಿರಲಿಲ್ಲ.