ಮಲಗಿದ ಮೂಗು, ಗಿರಿಯ ಕಾಫಿ

ಯುಗಾದಿಯ ಹಿಂದಿನ ದಿನ ನಾನು ತಂದ ಮಲ್ಲಿಗೆ ದಂಡೆಯನ್ನು ನನ್ನ ಹೆಂಡತಿ ಮೂಗಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಇದು ಕಾಗದದ್ದೇನ್ರೀ?"

ಚೇಷ್ಟೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಸಂಕ್ರಾಂತಿಯ ಸುಮಾರಿಗೆ ಶಾಂತಾಳಿಗೆ ವಿಷಮಜ್ವರ ಬಂದಿತ್ತು. (ಈ ಅಂಕಣ ಕೆಲವು ವಾರ ಕಾಣೆಯಾದದ್ದು ಆಗಲೇ.) ಜ್ವರ ಬಿಟ್ಟಿತು, ಜೀವ ಉಳಿಯಿತು. ಆದರೆ ವಾಸನೆ ಹೋಯಿತು. ಉಪ್ಪು ಉಪ್ಪೆಂದು, ಖಾರ ಖಾರವೆಂದು ತಿಳಿಯುತ್ತಿತ್ತು. ಉಳಿದದ್ದೆಲ್ಲ ಬಾಯಲ್ಲಿ ನೆನೆದ ಹತ್ತಿ.

ಇದನ್ನು ಅವಳು ಅಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೆಂಡತಿಯ ಮೂಗು ಕೆಲಸ ಮಾಡುತ್ತಿದೆಯೇ ಎಂದು ಯಾವ ಗಂಡ ಕೇಳುತ್ತಾನೆ?

ಶಿಗ್ಗಾವಿಯ ಡಾಕ್ಟರರು ಟಾರ್ಚ್ ಬಿಟ್ಟು ನೋಡಿ, "ನರದ ತೊಂದರೆ. ಬಂದರೆ ತಾನಾಗಿ ಬರುತ್ತದೆ" ಎಂದರು. ಬಾರದಿದ್ದರೆ? ಅದಕ್ಕೆ ಅವರ ಬಳಿ ಔಷಧವಿರಲಿಲ್ಲ. ಹಿರೇಕೆರೂರಿನ ನನ್ನ ಚಿಗವ್ವ ಇಂಗು ಮೂಸಿಸಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ.

ವಿಚಿತ್ರವೆಂದರೆ, ಶಾಂತಾಳಿಗೆ ಕನಸಿನಲ್ಲಿ ಮಾತ್ರ ವಾಸನೆ ಬರುತ್ತಿತ್ತು. ಬೆಳಗ್ಗೆ ಹಾಸಿಗೆಯಲ್ಲೇ ಕುಳಿತು ಹೇಳುತ್ತಿದ್ದಳು. "ಇವತ್ತ ರಟ್ಟೀಹಳ್ಳಿ ತವರಮನಿ ಕನಸಿನ್ಯಾಗ ಬಂದಿತ್ರೀ. ಅವ್ವ ತಲಿಗೆ ಎಣ್ಣಿ ಹಚ್ಚಾಕತ್ತಿದ್ಲು. ಆ ಎಣ್ಣಿ ವಾಸನಿ ಘಮ್ಮಂತ ಬಂತು. ಎಚ್ಚರಾದ ಕೂಡ್ಲೇ ಹೋತು." ಹೇಳಿ ಮುಗಿಸಿ ಕಿಟಕಿಯ ಕಡೆ ನೋಡುತ್ತ ಕೂತುಬಿಡುತ್ತಿದ್ದಳು. ಎಚ್ಚರಾಗಿದ್ದೂ ಅಲ್ಲಿಂದ ತಿರುಗಿ ಬಂದಿಲ್ಲವೇನೋ ಎನಿಸುತ್ತಿತ್ತು.

ಅದನ್ನೂ ಸಹಿಸಬಹುದಿತ್ತು. ಆದರೆ ಅವಳು ನಮ್ಮ ಎಳೆಗೂಸು ಬಸೂನನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಳು. ಹಾಲು ಕುಡಿಸಿ ಕೂಡಲೇ ನನ್ನ ಅವ್ವನ ಕೈಗೆ ಕೊಟ್ಟುಬಿಡುತ್ತಿದ್ದಳು. ಯಾಕೆಂದು ಒಂದು ದಿನ ಕೇಳಿದೆ.

"ಬಸೂನ ನೆತ್ತಿ ಮೂಸಿದ್ರ ಏನೂ ಇಲ್ರೀ. ಯಾರದೋ ಕೂಸು ಎತ್ಕೊಂಡ್ಹಂಗ ಆಕ್ಕತಿ. ನನಗ ಹೆದರಿಕಿ ಬರ್ತೈತಿ."

ಕೋರ್ಟಿನಲ್ಲಿ ದಿನವಿಡೀ ಮಾತಾಡಿ ಹೊಟ್ಟೆ ಹೊರೆಯುವ ವಕೀಲ ನಾನು, ಆಗ ಎದ್ದು ಹೋಗಿ ತೊಟ್ಟಿಲು ತೂಗಿದೆ.

ಈಗ ಮೆಹಬೂಬಸಾಬ ಕಾಕಾನ ವಿಷಯಕ್ಕೆ ಬರುತ್ತೇನೆ. ಸವಣೂರಿನವರು, ಎಲೆ ವ್ಯಾಪಾರಿ. ತೀರಿಹೋದ ನನ್ನ ಅಪ್ಪನ ಗೆಳೆಯರು. ಪ್ರತಿ ಸಂತೆಗೂ ನಮ್ಮೂರು ಹಾನಗಲ್ಲಿಗೆ ವೀಳ್ಯದೆಲೆಯ ಪೆಂಡಿ ತರುತ್ತಾರೆ, ಅವ್ವನಿಗೆಂದು ಒಂದು ಕಟ್ಟು ನಮ್ಮ ಮನೆಗೆ ಮುಟ್ಟಿಸಿಯೇ ಹೋಗುತ್ತಾರೆ. ವರ್ಷಕ್ಕೊಮ್ಮೆ ಬಾಬಾಬುಡನ್ ಗಿರಿಯ ಉರುಸಿಗೆ ತಪ್ಪುವವರಲ್ಲ. ಯಲವಿಗಿಯಲ್ಲಿ ರೈಲು ಹತ್ತಿ, ಹರಿಹರ ದಾಟಿ, ಕಡೂರಿನಲ್ಲಿ ಇಳಿದು, ಅಲ್ಲಿಂದ ಮೋಟಾರು, ಕೊನೆಗೆ ನಡಿಗೆ. ಬರುವಾಗ ಒಂದು ಚೀಲ ಹಸಿ ಕಾಫಿ ಬೀಜ.

ನಾನು ಚಹಾದ ಮನುಷ್ಯ. ನಮ್ಮ ಕಡೆ ಯಾರು ಅಲ್ಲ? ಕಾಫಿ ಎಂದರೆ ಮೈಸೂರು ಸೀಮೆಯವರ ಶೋಕಿ ಎಂದೇ ನನ್ನ ಭಾವನೆ. (ಇದೇ ಅಂಕಣದಲ್ಲಿ ಬರೆದೂ ಇದ್ದೇನೆ. ದಯಮಾಡಿ ಹುಡುಕಬೇಡಿರಿ.)

ಈ ಸಲದ ಉರುಸು ಮುಗಿಸಿ ಅವರು ಬಂದ ಸಂತೆಯ ದಿನ ಅವ್ವ ಕಾಕಾನಿಗೆ ಎಲ್ಲ ಹೇಳಿಕೊಂಡಳು. ಅವರು ಕೇಳಿಸಿಕೊಂಡು, ಅಂಗಳದಲ್ಲಿ ಒಲೆಗೆ ಮೂರು ಕಲ್ಲು ಹೂಡಿದರು. ಬೆಂಕಿ ಮಾಡಿ, ಕಬ್ಬಿಣದ ಬಾಣಲೆ ಇಟ್ಟು, ಗಿರಿಯ ಕಾಫಿ ಬೀಜ ಸುರಿದು, ಶಾಂತಾಳನ್ನು ಕರೆದರು.

"ಕುಂದ್ರವಾ ಬೇಟಿ. ನಿನ್ನ ಮೂಗು ಸತ್ತಿಲ್ಲ, ಮಲಗೇತಿ. ನಾವು ಕರೀತಾ ಇರೋಣು. ಇದರಷ್ಟು ಗಟ್ಟಿ ದನಿ ಬ್ಯಾರೆ ಯಾವ ವಾಸನಿಗೂ ಇಲ್ಲ."

"ಬರ್ತೈತೇನ್ರೀ ಕಾಕಾ?"

"ಅದು ನನಗೇನ್ ಗೊತ್ತು? ಬರಲಿಲ್ಲಂದ್ರ ಕಾಫಿ ಅಂತೂ ಕುಡೀಬಹುದು."

ಎಷ್ಟೋ ದಿನಗಳ ಮೇಲೆ ಶಾಂತಾ ನಕ್ಕಳು.

ಹಸಿ ಬೀಜ ಬೂದಿ ಹಸಿರು ಬಣ್ಣದ್ದು. ಕೈಯಾಡಿಸುತ್ತ ಹೋದಂತೆ ಹಳದಿಯಾಯಿತು. ಕಾಕಾ ಅವಳಿಗೆ ಕಣ್ಣು ಮುಚ್ಚಲು ಹೇಳಿ, ಬರುತ್ತಿದ್ದ ವಾಸನೆಯನ್ನೆಲ್ಲ ಮಾತಿನಲ್ಲಿ ಹೇಳತೊಡಗಿದರು. "ಈಗ ಒಣಹುಲ್ಲಿನ ಬಣವಿ ಮುಂದ ನಿಂತೀವಿ. ಈಗ ಯಾರೋ ಶೇಂಗಾ ಹುರಿಯಾಕತ್ತಾರ. ಕೇಳು, ಚಟ್ ಅಂತು! ಈಗ ಬೆಲ್ಲದ ಪಾಕ ಏರಾಕತ್ತೇತಿ." ಬೀಜ ಸಿಡಿದು ಕಂದಾಗುತ್ತಿದ್ದಂತೆ ತೆಳ್ಳನೆಯ ಸಿಪ್ಪೆ ಹಾರಿ ಶಾಂತಾಳ ಕೂದಲ ಮೇಲೆ ಕೂತಿತು. ಅವಳು ಕಣ್ಣು ತೆರೆಯಲಿಲ್ಲ. ಒಲೆಯ ಮುಂದೆ ಕೂತೇ ಎಲ್ಲೋ ದೂರ ಹೊರಟವಳಂತಿದ್ದಳು.

ಮೊರದಲ್ಲಿ ಆರಿಸಿ, ಕುಟ್ಟಿ, ಕುದಿವ ನೀರಿಗೆ ಪುಡಿ ಹಾಕಿ ಕೂಡಲೇ ಇಳಿಸಿ ಮುಚ್ಚಿದರು. "ಪುಡಿ ಹಾಕಿದ ಮ್ಯಾಲ ಕುದಿಸಬ್ಯಾಡ್ರಿ, ಸಿಟ್ಟಿಗೇಳತದ" ಎಂದರು. ಪುಡಿ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸಿದರು. ಸಕ್ಕರೆಗೆ ರೇಶನ್ ಕಾಲ, ಬೆಲ್ಲ ಹಾಕಿದೆವು. ಹಾಲು ಹನಿಯಷ್ಟೇ.

ಕುಡಿದೆ. ಮೊದಲು ಕಹಿ. ಆಮೇಲೆ ನಾಲಗೆಯ ಅಂಚಿನಲ್ಲಿ ಕವಳಿ ಹಣ್ಣಿನಂಥ ಸಣ್ಣ ಹುಳಿ. ನುಂಗಿದ ಮೇಲೂ ಗಂಟಲಲ್ಲಿ ಏನೋ ಸಿಹಿ ಉಳಿದಿತ್ತು.

"ಒಂದ ಗುಡ್ಡದ ಬೀಜರೀ ಇದು, ಬ್ಯಾರೆ ಬೆರಸಿಲ್ಲ" ಎಂದರು ಕಾಕಾ. "ಹಿಂದ ಒಬ್ಬ ಫಕೀರರು ಹಜ್‌ನಿಂದ ಬರೋವಾಗ ಏಳು ಬೀಜ ಮುಚ್ಚಿಟ್ಕೊಂಡು ಬಂದು ಅಲ್ಲೇ ಊರಿದ್ರಂತ. ಮಂಜು ಕುಡದು ಬೆಳೀತಾವ. ಗಿಡದ ನೆರಳಾಗ ನಿಂತ್ರ ಹಗಲಾಗೂ ನಿದ್ದಿ ಬಂದ್ಹಂಗ ಆಕ್ಕತಿ." ಕೇಳುತ್ತ ನಾನು ಆ ಗಿರಿಯನ್ನು ನಮ್ಮ ಅಂಗಳದಿಂದಲೇ ಕಂಡೆ. ಮೋಡದೊಳಗೆ ಕೆಂಪು ಹಣ್ಣು, ಹಣ್ಣಿನೊಳಗೆ ಎರಡು ಬೀಜ, ಕಡಲು ದಾಟಿ ಬಂದದ್ದು.

ಶಾಂತಾ ತನ್ನ ಬಟ್ಟಲು ಕೆಳಗಿಟ್ಟಳು. "ಬಿಸಿ ಐತಿ. ಕಹಿ ಐತಿ. ಮತ್ತೇನಿಲ್ಲ."

ಆದರೆ ಮುಂದಿನ ಸಂತೆಗೆ ಅವಳೇ ಕಲ್ಲು ಹೂಡಿದಳು. ಅದರ ಮುಂದಿನದಕ್ಕೂ. ನಡುವೆ ಬೇಸಿಗೆ ಕಳೆಯಿತು, ಮುಂಗಾರು ಬಂತು, ಒಲೆ ಅಂಗಳದಿಂದ ಕಟ್ಟೆಯ ಮಾಡಿನ ಕೆಳಗೆ ಬಂತು. ಕಣ್ಣಿನಿಂದ, ಕಿವಿಯಿಂದ ಅವಳು ಹದ ಕಲಿತಳು. ಕಾಕಾ ಬರುವುದು ತಡವಾದ ದಿನ ವಾಸನೆ ಹೇಳುವ ಕೆಲಸ ನನ್ನದು. ಏನು ಹೇಳಲಿ? ಮೂಗಿದ್ದವನಿಗೆ ಅದಕ್ಕೊಂದು ಮಾತು ಬೇಕಾಗಿರುವುದೇ ಇಲ್ಲವಲ್ಲ! ತಡಕಾಡಿ ತಡಕಾಡಿ ಹೇಳುತ್ತಿದ್ದೆ. ಹಾಗೆ ಹೇಳಲು ಹೋಗಿ ನಾನೇ ಮೊದಲ ಸಲ ಮೂಸುವುದನ್ನು ಕಲಿತೆ.

ಶ್ರಾವಣದ ಒಂದು ಸಂತೆ. ಮಳೆ ಬಂತೆಂದು ಶಾಂತಾ ಒಣಹಾಕಿದ ಬಟ್ಟೆ ತೆಗೆಯಲು ಹಿತ್ತಲಿಗೆ ಓಡಿದಳು. ಬಾಣಲೆ ನನ್ನ ಕೈಗೆ ಬಂತು. ನಾನೋ, ಕಾಕಾನ ಜೊತೆ ಯುದ್ಧದ ಸುದ್ದಿಗೆ ಬಿದ್ದೆ. ಜರ್ಮನಿಯನ್ನು ಹೇಗೆ ಸೋಲಿಸಬೇಕೆಂದು ಸೌಟು ಎತ್ತಿ ತೋರಿಸುತ್ತಿದ್ದೆ.

ಹಿತ್ತಲಿಂದ ಕೂಗು ಬಂತು. "ರೀ! ಹೊತ್ತಾಕತ್ತೈತಿ, ಇಳಸ್ರಿ!"

"ಇಲ್ಲ, ಇನ್ನೂ ಹದಕ್ಕ ಬರ್ಬೇಕು" ಎಂದೆ ನಾನು. (ತಪ್ಪು ಮಾಡಿದ ಗಂಡಸಿನ ಬಾಯಿಗೆ ಮೊದಲು ಬರುವುದು 'ಇಲ್ಲ' ಅಲ್ಲವೇ?)

"ಏನ್ ಹದ? ಕರ್ರಗಾಗೇತಿ! ಇಲ್ಲಿ ತನಾ ಬರಾಕತ್ತೈತಿ..."

ಒಳಗೆ ತೊಟ್ಟಿಲು ತೂಗುತ್ತಿದ್ದ ಅವ್ವ ಎದ್ದು ಬಂದಳು. "ಶಾಂತಾ, ಏನ್ ಬರಾಕತ್ತೈತಿ?"

ಬಟ್ಟೆಗಳನ್ನು ಎದೆಗವಚಿ ಬಾಗಿಲಲ್ಲಿ ನಿಂತಿದ್ದಳು ಶಾಂತಾ. ಮಳೆಯಲ್ಲಿ ತೋಯ್ದ ಮುಖ. "ಸುಟ್ಟ ವಾಸನಿ, ಅತ್ತಿ" ಎಂದಳು. ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡು ಅಲ್ಲೇ ಕುಸಿದು ಕೂತಳು. ಕಾಕಾ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು.

ಇದ್ದಿಲಾದ ಆ ಬೀಜವನ್ನೇ ಕುಟ್ಟಿ ಕಾಫಿ ಮಾಡಿದೆವು. ಅಷ್ಟು ಕೆಟ್ಟ ಕಾಫಿ ನಾನು ಕುಡಿದಿಲ್ಲ. ಆ ತನಕ ಕಾಫಿ ಮುಟ್ಟದಿದ್ದ ಅವ್ವ ಕೂಡ ಒಂದು ಬಟ್ಟಲು ಕುಡಿದಳು.

ಕಾಫಿಯಿಂದಲೇ ಗುಣವಾಯಿತೆಂದು ನಾನು ಹೇಳುವುದಿಲ್ಲ. ಶಿಗ್ಗಾವಿಯ ಡಾಕ್ಟರರು "ತಾನಾಗಿ ಬಂತು" ಎನ್ನುತ್ತಾರೆ. ಇರಬಹುದು. ಸುಟ್ಟದ್ದರ ಹಿಂದೆ ಇಂಗು ಬಂತು, ಸೀಮೆಎಣ್ಣೆ ಬಂತು. ಮಲ್ಲಿಗೆ ಇನ್ನೂ ಸರಿಯಾಗಿ ಬಂದಿಲ್ಲ.

ಕಳೆದ ಸೋಮವಾರ ಬೆಳಗ್ಗೆ ತೊಟ್ಟಿಲ ಹತ್ತಿರ ಶಾಂತಾಳ ದನಿ ಕೇಳಿತು. ಹೋಗಿ ನೋಡಿದರೆ ಬಸೂನ ಕುತ್ತಿಗೆಯಲ್ಲಿ ಮೂಗು ಹುದುಗಿಸಿ ನಿಂತಿದ್ದಾಳೆ. ತಲೆ ಎತ್ತಿ, "ಥೂ, ಹಾಲು ಕಕ್ಕ್ಯಾನ್ರೀ! ಎಷ್ಟ ಕಮಟು ನಾರಾಕತ್ತಾನ ನನ್ನ ಮಗ!" ಎಂದಳು. ಎಂದು ಮತ್ತೆ ಮೂಸಿದಳು. ಆ ದಿನವೆಲ್ಲ ಅವನನ್ನು ಕೆಳಗಿಳಿಸಲಿಲ್ಲ.

ಮಗ ನಾರುತ್ತಾನೆಂದು ಹೆಂಡತಿ ದೂರು ಹೇಳಿದರೆ ಕಣ್ಣೊರೆಸಿಕೊಳ್ಳುವ ವಕೀಲ ಈ ನಾಲ್ಕು ತಾಲೂಕಿನಲ್ಲಿ ಇನ್ನೊಬ್ಬನಿದ್ದಾನೆಯೇ?